ಸಣ್ಣಯ್ಯ ಆರಿಸಿಕೊಂಡ ಪಾಲು

ನನ್ನ ತಮ್ಮ ಸಣ್ಣಯ್ಯನ ಬಗ್ಗೆ ಯಾರನ್ನು ಬೇಕಾದರೂ ಕೇಳಿ ನೋಡಿ. ಪಾಪಿರೆಡ್ಡಿಪಟ್ಟಿ ಸುತ್ತಮುತ್ತ ಯಾವ ಊರಿನಲ್ಲಿ ಕೇಳಿದರೂ ಒಂದೇ ಮಾತು: ಬಂಗಾರದಂಥ ಮನುಷ್ಯ. ಬಂಗಾರವಂತೆ, ಬಂಗಾರ! ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಅವನ ಜೊತೆ ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಪಾತ್ರೆಯ ಮುದ್ದೆ ತಿಂದು ಬೆಳೆದವನು ನಾನು, ಗೋವಿಂದರಾಜ್, ಅವನ ಒಡಹುಟ್ಟಿದ ಅಣ್ಣ. ಅವನ ಕಥೆಯನ್ನು ಯಾರಾದರೂ ಹೇಳುವುದಿದ್ದರೆ ನಾನು ಹೇಳಬೇಕು. ಬೇರೆಯವರು ಬಾಯಿ ಬಿಟ್ಟರೆ ಬರೀ ಹೊಗಳಿಕೆ.

ಸಣ್ಣಯ್ಯ ಕುರಿ ಕಾಯುತ್ತಲೇ ದೊಡ್ಡವನಾದವನು. ಶಾಲೆಗೆ ಹೋದದ್ದು ಅಷ್ಟಕ್ಕಷ್ಟೇ. ನಮ್ಮದು ತಮಿಳು ಸೀಮೆ, ಶಾಲೆಯಲ್ಲಿ ಕಲಿತ ಅಕ್ಷರ ತಮಿಳು, ಮನೆಯಲ್ಲಿ ಆಡುವ ಮಾತು ಕನ್ನಡ, ಕುರಿಗಳ ಹತ್ತಿರ ಆಡುವುದು ಅವನದೇ ಇನ್ನೊಂದು ಭಾಷೆ. ನಾಲಿಗೆ ಮಡಚಿ ಒಂದು ಸದ್ದು ಮಾಡಿದನೆಂದರೆ ಇಡೀ ಹಿಂಡು ತಿರುಗಿ ನಿಲ್ಲುತ್ತಿತ್ತು. ಮನುಷ್ಯರ ಜೊತೆ ಮಾತು ಕಡಿಮೆ. ಕೋಪವಂತೂ ಇಲ್ಲವೇ ಇಲ್ಲ. ಬೈದರೆ ನಗುತ್ತಾನೆ. ಬೈದವನ ಗತಿ ಏನಾಗಬೇಕು ಹೇಳಿ!

ನಾನು ಬೆಳೆದದ್ದು ಅಪ್ಪನ ಜೀಪಿನಲ್ಲಿ. ನಮ್ಮಪ್ಪ ತಿಮ್ಮಪ್ಪ ಸರ್ಕಾರಿ ಹರಾಜಿನಲ್ಲಿ ಒಂದು ಹಳೇ ಪೆಟ್ರೋಲ್ ಜೀಪು ಹಿಡಿದಿದ್ದ. ಬೇಕೆಂದಾಗ ಒಂದು ಸಣ್ಣ ಲಿವರ್ ತಳ್ಳಿದರೆ ನಾಲ್ಕೂ ಚಕ್ರ ಎಳೆಯುವಂಥದ್ದು. ಸಿತ್ತೇರಿ ಬೆಟ್ಟದಿಂದ ಹುಣಸೆಹಣ್ಣು ಇಳಿಸುವುದು, ಸಂತೆಗೆ ಕುರಿ ಸಾಗಿಸುವುದು, ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಮುಟ್ಟಿಸುವುದು, ಎಲ್ಲಕ್ಕೂ ಅದೇ. ಅಪ್ಪ ಓಡಿಸುತ್ತಿದ್ದ, ಜೊತೆಗೆ ನಾನು. ಪ್ಲಗ್ಗು ಉಜ್ಜುವವನು ನಾನು, ರೇಡಿಯೇಟರಿಗೆ ನೀರು ಹೊಯ್ಯುವವನು ನಾನು, ಮೂತಿಗೆ ಹ್ಯಾಂಡಲ್ ಕೊಟ್ಟು ತಿರುಗಿಸಿ ಸ್ಟಾರ್ಟ್ ಮಾಡುವವನು ನಾನು. ಸ್ಟೇರಿಂಗ್ ಮಾತ್ರ ಅಪ್ಪ ಕೊಡಲಿಲ್ಲ. "ನಾಳೆ ಕೊಡ್ತೀನಿ ಬಿಡ್ಲಾ" ಎನ್ನುತ್ತಲೇ ವರ್ಷಗಳನ್ನು ತಳ್ಳಿ, ಒಂದು ದಿನ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಆಮೇಲೆ ನಾನು ಕಂಡವರ ಟ್ರ್ಯಾಕ್ಟರು, ಕಂಡವರ ವ್ಯಾನು ಎಲ್ಲಾ ಓಡಿಸಿದೆ. ಆ ಜೀಪನ್ನು ಓಡಿಸಬೇಕು ಅನ್ನುವ ಆಸೆ ಮಾತ್ರ ಎದೆಯಲ್ಲಿ ಹಾಗೇ ಕೂತಿತ್ತು.

ಹಾಗಾದರೆ ಓಡಿಸಬೇಕಾಗಿತ್ತಲ್ಲ, ಯಾರು ಬೇಡ ಅಂದರು ಎಂದು ನೀವು ಕೇಳಬಹುದು. ಅಪ್ಪ ಹೋದ ಮೇಲೆ ಸಂಸಾರ, ಹೊಲ, ಬಾವಿ ಎಂದು ನನಗೆ ಉಸಿರಾಡಲು ಬಿಡುವಿರಲಿಲ್ಲ. ಆಮೇಲೆ ಮಾಡೋಣ, ಆಮೇಲೆ ಮಾಡೋಣ ಎನ್ನುತ್ತಾ ಜೀಪು ಬೇವಿನ ಮರದ ಕೆಳಗೆ ನಿಂತಲ್ಲೇ ನಿಂತಿತು. ಇಂಜಿನ್ನು ತಿರುಗದ ಹಾಗೆ ಹಿಡಿದುಕೊಂಡಿತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತು.

ತೊಂಬತ್ಮೂರರಲ್ಲಿ ಅಣ್ಣತಮ್ಮಂದಿರು ಬೇರೆಯಾದೆವು. ನಮ್ಮಲ್ಲಿ ಒಂದು ಪದ್ಧತಿ ಇದೆ. ಪಾಲು ಕಟ್ಟುವವನು ಹಿರಿಯ, ಆರಿಸಿಕೊಳ್ಳುವವನು ಕಿರಿಯ. ಹಿರಿಯ ಮೋಸ ಮಾಡಬಾರದು ಅಂತ ಹಳಬರು ಮಾಡಿಟ್ಟ ಉಪಾಯ. ನಾನು ಮೂರು ದಿನ ತಲೆ ಕೆಡಿಸಿಕೊಂಡು ಪಾಲು ಕಟ್ಟಿದೆ. ಒಂದು ಕಡೆ ಬಾವಿ, ಪಂಪ್‌ಸೆಟ್ಟು, ತೆಂಗಿನ ಮರ ಇರುವ ಕೆಳಗಿನ ಹೊಲ. ಇನ್ನೊಂದು ಕಡೆ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವಂಥ ಮೇಲಿನ ಹೊಲ, ಕುರಿ ಹಿಂಡು, ಜೊತೆಗೆ ಆ ಕೆಟ್ಟುನಿಂತ ಜೀಪು. ನನ್ನ ಲೆಕ್ಕ ಸರಳವಾಗಿತ್ತು. ತಲೆಯಲ್ಲಿ ಮಿದುಳು ಇರುವ ಯಾವನೇ ಆಗಲಿ ಬಾವಿಯ ಪಾಲನ್ನೇ ಹಿಡಿಯುತ್ತಾನೆ. ಮಿಕ್ಕದ್ದು ನನಗೆ. ಪಾಪ, ತಮ್ಮನಿಗೆ ನೀರು ಬಿಟ್ಟುಕೊಟ್ಟ ಅಂತ ಊರು ನನ್ನನ್ನು ಹೊಗಳುತ್ತದೆ, ಜೀಪೂ ನನ್ನ ಅಂಗಳಕ್ಕೆ ಬರುತ್ತದೆ. ಕುರಿ ಮಾರಿದರೆ ಟೈರು ಬರುತ್ತದೆ ಎಂದೂ ಯೋಚಿಸಿ ಇಟ್ಟಿದ್ದೆ.

ಪಂಚಾಯ್ತಿಗೆ ಕೂತ ಹಿರಿಯ ಅಣ್ಣಯ್ಯಪ್ಪ ಎಲೆ ಅಡಿಕೆ ಮುಂದಿಟ್ಟು, "ಸಣ್ಣಯ್ಯಾ, ನಿಂದೇ ಮೊದ್ಲು ಕಣಪ್ಪಾ. ಯಾವ್ದು ಬೇಕು ಏಳು" ಎಂದ.

ಸಣ್ಣಯ್ಯ ಬಾವಿಯ ಕಡೆ ಒಂದು ಸಲ ನೋಡಿದ. ತಲೆ ಕೆರೆದುಕೊಂಡ. "ನಂಗೆ ಮ್ಯಾಗಳ ಒಲ ಸಾಕು. ಕುರಿ ಐತೆ. ಆ ವಂಡೀನೂ ಇರ್ಲಿ ಬಿಡಿ" ಎಂದು ಜೀಪಿನ ಕಡೆ ಕೈ ತೋರಿಸಿಬಿಟ್ಟ.

ಸಭೆಯಲ್ಲಿ ಗದ್ದಲವೋ ಗದ್ದಲ. ಅಣ್ಣಯ್ಯಪ್ಪ ಕಣ್ಣೊರೆಸಿಕೊಂಡ. ಅಣ್ಣನಿಗೋಸ್ಕರ ಬಾವಿ ಬಿಟ್ಟನಲ್ಲ, ಇಂಥ ತಮ್ಮ ಎಲ್ಲಿ ಸಿಗುತ್ತಾನೆ ಎಂದು ಎಲ್ಲರೂ ನನ್ನ ಬೆನ್ನು ತಟ್ಟಿದ್ದೇ ತಟ್ಟಿದ್ದು. ಮನೆಗೆ ಬಂದರೆ ನನ್ನ ಹೆಂಡತಿ ಗುಂಡಮ್ಮ ಪಾಯಸ ಮಾಡಿದ್ದಳು. "ನಮ್ ಅದೃಷ್ಟ ನೋಡಿ, ಕೇಳ್ದೇನೆ ಬಾವಿ ಬಂತು" ಎಂದು ಎರಡೆರಡು ಸಲ ಬಡಿಸಿದಳು. ಒಂದು ಗುಟುಕು ಇಳಿಯಲಿಲ್ಲ ನನಗೆ. ಯಾರ ಹತ್ತಿರ ಹೇಳಿಕೊಳ್ಳಲಿ? ಬಾವಿ ಬಂದು ನನ್ನ ಹೊಟ್ಟೆಗೆ ಬೆಂಕಿ ಬಿತ್ತು ಎಂದರೆ ಕೈಕಾಲು ಕಟ್ಟಿ ಹುಚ್ಚಾಸ್ಪತ್ರೆಗೆ ಹಾಕುತ್ತಾರೆ.

ಕುರಿ ಕಾಯುವವನಿಗೆ ಜೀಪು ಯಾಕೆ, ಕೋಳಿಗೂಡು ಮಾಡಿಕೊಳ್ಳುತ್ತಾನೆ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಅವನು ಮಾರನೇ ವಾರವೇ ನಾಲ್ಕು ಜನರನ್ನು ಕೂಡಿಸಿ, ಹಗ್ಗ ಕಟ್ಟಿ, ತಳ್ಳಿಸಿಕೊಂಡು ತನ್ನ ಅಂಗಳಕ್ಕೆ ಒಯ್ದ. ಅವನ ಅಂಗಳಕ್ಕೂ ನನ್ನದಕ್ಕೂ ಮಧ್ಯೆ ಎದೆಮಟ್ಟದ ಒಂದು ಮಣ್ಣುಗೋಡೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಶನಿಕಾಟ. ಹಲ್ಲುಜ್ಜಲು ಹೋದರೂ ಗೋಡೆ ಹತ್ತಿರ, ದನಕ್ಕೆ ನೀರಿಡಲು ಹೋದರೂ ಗೋಡೆ ಹತ್ತಿರ.

ಮೊದಲು ಅವನು ಬಾನೆಟ್ಟು ಎತ್ತಿ, ಒಳಗೆ ಕಿವಿಯಿಟ್ಟು ಕೇಳಿದ. ಗಬ್ಬದ ಕುರಿಯ ಹೊಟ್ಟೆಗೆ ಕಿವಿ ಇಡುವ ಹಾಗೆ! ಸತ್ತ ಇಂಜಿನ್ನು ಏನು ಹೇಳುತ್ತದೆ ಮಣ್ಣು? ಆಮೇಲೆ ಪ್ಲಗ್ಗು ಬಿಚ್ಚಿ ಆ ತೂತುಗಳಿಗೆ ಸೀಮೆಎಣ್ಣೆ ಹೊಯ್ದು, ದಿನಾ ಸಂಜೆ ಕುರಿ ಕೂಡಿದ ಮೇಲೆ ಹ್ಯಾಂಡಲ್ಲನ್ನು ಒಂದಿಷ್ಟು ಅಲುಗಾಡಿಸಿ ನೋಡಿ ಬಿಡುತ್ತಿದ್ದ. ಬಲ ಹಾಕುತ್ತಿರಲಿಲ್ಲ. ನಾನಾಗಿದ್ದರೆ ಜಗ್ಗಿ ಮುರಿದೇ ಬಿಡುತ್ತಿದ್ದೆನೇನೋ. ಅವನು ಕಾದ. ಒಂದು ಸಂಜೆ ಹ್ಯಾಂಡಲ್ಲು ಮೆಲ್ಲಗೆ ಪೂರಾ ಸುತ್ತು ತಿರುಗಿತು. ಅವನು ನಕ್ಕ. ನಾನು ರಾತ್ರಿ ಊಟ ಬಿಟ್ಟೆ.

ಪೆಟ್ರೋಲ್ ಟ್ಯಾಂಕಿನ ಒಳಗೆಲ್ಲ ತುಕ್ಕು. ಅದಕ್ಕೆ ಹಳ್ಳದ ಸಣ್ಣ ಕಲ್ಲು, ಸೀಮೆಎಣ್ಣೆ ತುಂಬಿ, ಅವನೊಂದು ಕಡೆ ಅವನ ಹೆಂಡತಿ ವನಿತಾ ಒಂದು ಕಡೆ ಹಿಡಿದು ತೊಟ್ಟಿಲು ತೂಗಿದ ಹಾಗೆ ತೂಗಿದರು. ಗಡಗಡ ಸದ್ದು, ಇಬ್ಬರದೂ ನಗು. ನನಗೆ ಅದಕ್ಕೂ ಹೊಟ್ಟೆ ಉರಿಯಿತು. ನನ್ನ ಗುಂಡಮ್ಮನಿಗೆ ಒಂದು ಸ್ಪ್ಯಾನರ್ ಎತ್ತಿಕೊಡು ಎಂದರೆ ಸೌಟು ಎತ್ತಿಕೊಟ್ಟಾಳು.

ನಗುವಂಥದ್ದೂ ನಡೆಯಿತು, ಇಲ್ಲ ಅನ್ನುವುದಿಲ್ಲ. ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿಗಳು ತುಕ್ಕು ಹಿಡಿದು ಕಿರ್‌ಗುಟ್ಟುತ್ತಿದ್ದವು. ಅಂಗಡಿಯಿಂದ ಗ್ರೀಸು ತರುವುದು ಬಿಟ್ಟು ಈ ಮಹಾನುಭಾವ ಕುರಿಕೊಬ್ಬು ಕಾಯಿಸಿ ಪಟ್ಟಿಗಳ ಸಂದಿಗೆಲ್ಲ ಮೆತ್ತಿದ. ಮನೆಯಲ್ಲೇ ಇರುವಾಗ ದುಡ್ಡು ಯಾಕೆ ಅಂತ! ಬೆಳಗಾಗುವುದರೊಳಗೆ ಊರಿನ ನಾಯಿಗಳೆಲ್ಲ ಜೀಪಿನ ಕೆಳಗೆ. ನೆಕ್ಕಿದ್ದೇ ನೆಕ್ಕಿದ್ದು, ಕಚ್ಚಾಡಿದ್ದೇ ಕಚ್ಚಾಡಿದ್ದು. ನಾನು ಗೋಡೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ನನಗೆ ಆ ವರ್ಷ ಸಿಕ್ಕ ಸುಖ ಅದೊಂದೇ. ಅಷ್ಟರಲ್ಲಿ ಅವನೂ ಎದ್ದು ಬಂದು, ನೋಡಿ, ನನಗಿಂತ ಜೋರಾಗಿ ನಕ್ಕು ಅದನ್ನೂ ಹಾಳುಮಾಡಿದ.

ಇಂಜಿನ್ನಿನ ತಲೆ ಕೂರಿಸುವ ದಿನ ನನಗೆ ನಿಜವಾದ ಹಿಂಸೆ. ಅದರ ಬೋಲ್ಟುಗಳನ್ನು ಬಿಗಿಯುವುದಕ್ಕೆ ಒಂದು ಕ್ರಮ ಇದೆ. ನಡುವಿನಿಂದ ಶುರುಮಾಡಿ, ಅಡ್ಡಡ್ಡ, ಒಂದು ಇತ್ತ ಒಂದು ಅತ್ತ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೊರಕ್ಕೆ ಬರಬೇಕು. ಇವನು ಗೋಣಿಚೀಲ ಹೊಲಿಯುವ ಹಾಗೆ ಒಂದು ತುದಿಯಿಂದ ಬಿಗಿಯುತ್ತಾ ಹೋದ. ಅಯ್ಯೋ, ನನ್ನ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಕೇಳಲಿ, ಒಂದೇ ಒಂದು ಮಾತು ಕೇಳಲಿ, ಗೋಡೆ ಹಾರಿ ಹೋಗುತ್ತೇನೆ ಎಂದುಕೊಂಡು ನಿಂತೆ. ಅವನು ತಲೆ ಎತ್ತಲಿಲ್ಲ. ನಾನು ಕೆಮ್ಮಿದೆ. ಇನ್ನೊಂದು ಸಲ ಕೆಮ್ಮಿದೆ.

"ಏನಣ್ಣಾ, ನೆಗಡಿಯಾ? ಮೆಣಸು ಕಷಾಯ ಕುಡಿ" ಎಂದ.

"ನನ್ ನೆಗಡಿ ಕಟ್ಕಂಡು ನಿಂಗೇನ್ಲಾ!" ಎಂದು ಒಳಗೆ ಹೋದೆ.

ಅಂದುಕೊಂಡ ಹಾಗೇ ಆಯಿತು. ಸಂದಿಯಲ್ಲಿ ನೀರು ಜಿನುಗಿತು. ಅವನು ಮತ್ತೆ ತಲೆ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿ ಸೇಲಂಗೆ ಹೋದ. ಹಳೇ ಗಾಡಿ ಸಾಮಾನಿನ ಅಂಗಡಿಯಲ್ಲಿ ಯಾರನ್ನೋ ಕೇಳಿ ಕಲಿತು ಬಂದು ಸರಿಯಾಗಿ ಬಿಗಿದ. ರೇಡಿಯೇಟರು ಸೋರುವುದಕ್ಕೆ ಅರಿಶಿನಪುಡಿ ಹಾಕುವ ಉಪಾಯವನ್ನೂ ಅಲ್ಲೇ ಯಾರೋ ಹೇಳಿದರಂತೆ. ಅಂಗಳದ ತುಂಬ ಅರಿಶಿನದ ವಾಸನೆ, ಸೋರಿಕೆ ನಿಂತೇ ಹೋಯಿತು. ಗಾಡಿ ಓಡಿಸುವುದನ್ನೂ ಅಲ್ಲೇ ಯಾರ ಹತ್ತಿರವೋ ಕಲಿತನಂತೆ. ಸೇಲಂವರೆಗೆ ಹೋಗಿ ಕಂಡಕಂಡವರನ್ನು ಕೇಳುತ್ತಾನೆ. ಗೋಡೆಯ ಈಚೆ ಇರುವ ಅಣ್ಣನನ್ನು ಕೇಳಲು ಬಾಯಿಗೆ ಏನು ಬಡಿದಿತ್ತು?

ಕೊನೆಗೂ ಅದು ಶುರುವಾದ ದಿನ ನಾನು ಬಾವಿಯ ಹತ್ತಿರ ಬದನೆಗೆ ನೀರು ಕಟ್ಟುತ್ತಿದ್ದೆ. ಸದ್ದು ಕೇಳಿತು. ಮೊದಲು ಎರಡು ಕೆಮ್ಮು, ಆಮೇಲೆ ಒಂದೇ ಸಮನೆ. ಅಪ್ಪನ ಕಾಲದ ಅದೇ ಸದ್ದು. ಸನಿಕೆ ಬಿಸಾಡಿ, ಕೆಸರುಗಾಲಲ್ಲೇ ಓಡಿದೆ. ಅಷ್ಟರಲ್ಲಾಗಲೇ ಊರೆಲ್ಲ ಸೇರಿತ್ತು. ತೆಂಗಿನಕಾಯಿ ಒಡೆದಿದ್ದರು. ಚಕ್ರದಡಿಗೆ ನಿಂಬೆಹಣ್ಣು ಇಟ್ಟಿದ್ದರು. ಬಾನೆಟ್ಟಿಗೆ ಕುಂಕುಮ ಹಚ್ಚುತ್ತಿದ್ದವಳು ಯಾರು ಗೊತ್ತೇ? ನನ್ನ ಹೆಂಡತಿ ಗುಂಡಮ್ಮ!

"ಬಾ ಅಣ್ಣಾ, ಒಂದ್ ಸುತ್ತು ಓಗ್ಬುಟ್ಟು ಬರೋಣ" ಎಂದು ಸ್ಟೇರಿಂಗ್ ಹಿಡಿದುಕೊಂಡೇ ಕರೆದ ಸಣ್ಣಯ್ಯ. ನೀನು ಓಡಿಸು ಎನ್ನಲಿಲ್ಲ. ಎನ್ನಬೇಕಾಗಿತ್ತು. ನನಗೆ ಕೆಲಸ ಇದೆ ಎಂದು ತಿರುಗಿ ಬಂದೆ. ಆ ಹೊತ್ತಿಗೆ ಬದನೆ ಮಡಿಯೆಲ್ಲ ನೀರು ತುಂಬಿ ಒಡೆದುಹೋಗಿತ್ತು.

ಅಲ್ಲಿಂದ ಅವನಿಗೆ ಬಂದ ಹೆಸರನ್ನು ಕೇಳಬೇಡಿ. ಬೆಟ್ಟದವರ ಹುಣಸೆ ಇಳಿಸಿದ, ಕಾಯಿಲೆಯವರನ್ನು ಒಯ್ದ. ವಾರಕ್ಕೊಮ್ಮೆ ಜೀಪಿನ ಕೆಳಗೆ ಗೋಣಿ ಹಾಸಿ ಮಲಗಿ, ಒಂದೊಂದು ಕೀಲಿಗೂ ಗ್ರೀಸು ತುಂಬುತ್ತಿದ್ದ. ಈಗ ಅಂಗಡಿ ಗ್ರೀಸೇ. ಮಳೆ ನಿಂತ ಮೇಲೆ ಬ್ರೇಕಿನ ಡ್ರಮ್ಮು ಬಿಚ್ಚಿ ಮಣ್ಣು ತೆಗೆಯುತ್ತಿದ್ದ. ಅಪ್ಪ ಇಷ್ಟು ಮಾಡುತ್ತಿರಲಿಲ್ಲ, ನಾನೂ ಮಾಡುತ್ತಿರಲಿಲ್ಲ. ನಿಜ ಹೇಳಬೇಕಲ್ಲ. ಜೀಪು ಅಪ್ಪನ ಕಾಲಕ್ಕಿಂತ ಚೆನ್ನಾಗಿ ಓಡುತ್ತಿತ್ತು, ಅದೇ ನನಗೆ ತಡೆಯಲು ಆಗದ್ದು.

ತೊಂಬತ್ತಾರರಲ್ಲಿ, ತಮಿಳರ ಆಡಿ ತಿಂಗಳಲ್ಲಿ, ವನಿತಾ ತಾರಮಂಗಲಂ ಕೈಲಾಸನಾಥನಿಗೆ ಏನೋ ಹರಕೆ ಹೊತ್ತಿದ್ದಳು. ಜೀಪಿನಲ್ಲೇ ಹೋಗುವುದೆಂದಾಯಿತು. ಗುಂಡಮ್ಮನೂ ಹೊರಟಳು. "ನೀವೂ ಬನ್ನಿ, ಜಾಗ ಐತಲ್ಲ" ಎಂದು ಬೆಳಿಗ್ಗೆಯಿಂದ ಕರೆದಳು. "ನಂಗೆ ದೇವ್ರು ಮನೇಲೇ ಅವ್ನೆ" ಎಂದೆ. ಅವರೆಲ್ಲ ನಗುತ್ತಾ ಹೋದರು. ನಾನು ಒಬ್ಬನೇ ಕೂತು ತಂಗಳು ತಿಂದೆ. ಹಿಂದಿನ ದಿನ ಮಳೆಯಾಗಿತ್ತು. ಊರ ಮುಂದಿನ ಹಳ್ಳದಲ್ಲಿ ಮರಳು ಮೆತ್ತಗಾಗಿ ಜೀಪು ಹೂತುಕೊಳ್ಳಲಿ ಎಂದು ಒಂದು ಮಾತು ಬಾಯಲ್ಲಿ ಬಂತೋ ಏನೋ, ನೆನಪಿಲ್ಲ.

ಸ್ವಲ್ಪ ಹೊತ್ತಿಗೆ ಹಾಲಿನ ಕುಪ್ಪುಸ್ವಾಮಿ ಸೈಕಲ್ಲಿನಲ್ಲಿ ಬಂದು, "ನಿನ್ ತಮ್ಮನ್ ವಂಡಿ ಪಾಪಿರೆಡ್ಡಿಪಟ್ಟಿ ಟೀ ಅಂಗ್ಡಿ ಮುಂದೆ ನಿಂತೋಗೈತೆ ಕಣಣ್ಣಾ. ಅಳ್ಳ ದಾಟ್ಬುಟ್ಟು ಟಾರ್ ರೋಡ್ ಅತ್ತಿದ್ದೇ, ಕಡಕಡ ಅಂತ ಸದ್ದು ಬಂದು ನಿಂತೋಯ್ತಂತೆ" ಎಂದ.

ನನಗೆ ಆದ ಸಂತೋಷ ಎಷ್ಟೆಂದು ಹೇಳಲಿ. ಪೆಟ್ಟಿಗೆಯಿಂದ ಇಸ್ತ್ರಿ ಅಂಗಿ ತೆಗೆದು ಹಾಕಿಕೊಂಡೆ, ತಲೆ ಬಾಚಿಕೊಂಡೆ. ಸೈಕಲ್ ತುಳಿಯುವಾಗ ಸಿಳ್ಳು ತಾನಾಗಿಯೇ ಬಂತು.

ಜೀಪು ರಸ್ತೆಗೆ ಅಡ್ಡಡ್ಡ ನಿಂತಿತ್ತು. ಹೆಂಗಸರಿಬ್ಬರೂ ಹೂವಿನ ಬುಟ್ಟಿ ಹಿಡಿದುಕೊಂಡು ಒಳಗೇ ಕೂತಿದ್ದರು. ಬಸ್‌ಸ್ಟಾಂಡಿನ ಮೆಕ್ಯಾನಿಕ್ ಮುನುಸ್ವಾಮಿ ಕೆಳಗಿನಿಂದ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ, "ಉಳ್ಳೇ ಪಲ್ಲು ಪೋಚ್ಚು" ಎಂದ. ಒಳಗೆ ಗೇರಿನ ಹಲ್ಲು ಹೋಗಿದೆಯಂತೆ. ಗೇರಿನ ಪೆಟ್ಟಿಗೆಯನ್ನೇ ಇಳಿಸಬೇಕಂತೆ, ಈ ಕಾಲದಲ್ಲಿ ಸಾಮಾನು ಸಿಗುವುದಿಲ್ಲವಂತೆ, ತೂಕಕ್ಕೆ ಹಾಕಿದರೆ ಕಬ್ಬಿಣದ ಬೆಲೆಯಾದರೂ ಬರುತ್ತದಂತೆ.

ಸಣ್ಣಯ್ಯ ಮೋರಿ ಕಟ್ಟೆಯ ಮೇಲೆ ಕೂತಿದ್ದ. ಅವನ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಮೊದಲ ಸಲ ನೋಡಿದೆ. "ಸಾಕಾಗೋಯ್ತು ಅಣ್ಣಾ. ತೂಕಕ್ಕೆ ಕೊಟ್ಬುಡ್ತೀನಿ" ಎಂದ.

ನಾನು ಜೀಪಿನೊಳಗೆ ಒಂದು ಸಲ ಇಣುಕಿದೆ. ಅಷ್ಟೇ ಸಾಕಾಯಿತು. ನಾಲ್ಕು ಚಕ್ರದ ಲಿವರ್ ಮುಂದಕ್ಕೇ ಇತ್ತು. ಹಳ್ಳದ ಮರಳಿನಲ್ಲಿ ಹಾಕಿದವನು ಟಾರು ರಸ್ತೆಗೆ ಬರುವ ಮೊದಲು ತೆಗೆಯುವುದನ್ನು ಮರೆತಿದ್ದಾನೆ. ಮರಳಿನಲ್ಲಾದರೆ ಚಕ್ರಗಳು ಜಾರಿ ಸರಿಹೋಗುತ್ತವೆ. ಗಟ್ಟಿ ರಸ್ತೆಯಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಜಗಳ ಬಿದ್ದು ಒಳಗೆ ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುತ್ತದೆ. ಎಷ್ಟು ಜಗ್ಗಿದರೂ ಲಿವರ್ ಬರುವುದಿಲ್ಲ. ಅಪ್ಪನಿಗೂ ಹೀಗೇ ಆಗುತ್ತಿತ್ತು. ಒಂದಿಷ್ಟು ಹಿಂದಕ್ಕೆ ಓಡಿಸಿದರೆ ಕಚ್ಚಿದ್ದು ಸಡಿಲವಾಗುತ್ತದೆ. ಜೀಪಿಗೆ ಒಂದು ಕೂದಲೂ ಕೊಂಕಿರಲಿಲ್ಲ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು. ನಾಳೆ ಅದು ತೂಕಕ್ಕೆ ಹೋಗುತ್ತದೆ. ಅವನಿಗೂ ಇಲ್ಲ, ನನಗೂ ಇಲ್ಲ. ಗೋಡೆಯ ಆಚೆ ಖಾಲಿ ಅಂಗಳ, ನನ್ನ ಹೊಟ್ಟೆ ತಣ್ಣಗೆ. ಆದರೆ ಅದು ತೂಕಕ್ಕೆ ಹೋದರೆ ನಾನು ಅದನ್ನು ಓಡಿಸುವುದು ಇನ್ನು ಎಂದು? ಆ ಸಿಟ್ಟಿಗೆ ಅವನ ಮೇಲೇ ಹರಿಹಾಯ್ದೆ. "ಅಲ್ಲಾ, ಬಂಗಾರದಂಥ ಬಾವಿ ಬುಟ್ಟು ಈ ದರಿದ್ರಾನ ಯಾಕ್ಲಾ ಆರಿಸ್ಕಂಡೆ ನೀನು?"

ಸಣ್ಣಯ್ಯ ನೆಲ ನೋಡುತ್ತಾ ಹೇಳಿದ. "ನಾನು ಕುರಿ ಒಡ್ಕಂಡು ರೋಡ್ ಓರದಲ್ಲಿ ಓಯ್ತಿದ್ನಲ್ಲ ಅಣ್ಣಾ, ಅವಾಗ ದಿನಾ ಈ ವಂಡಿ ನನ್ ದಾಟ್ಕಂಡು ಓಗಾದು. ಅಪ್ಪನ್ ಪಕ್ಕ ಸೀಟಲ್ಲಿ ನೀನು. ಅಪ್ಪ ನಿನ್ ಕಡೆ ತಿರುಗಿ ಏನೋ ಏಳಾದು, ನೀನು ನಗಾದು. ನಾನು ದೂಳು ಕುಡ್ಕಂಡು ನಿಂತಿರ್ತಿದ್ದೆ. ನಂಗೆ ಎಂಗೆ ಒಟ್ಟೆ ಉರಿಯಾದು ಗೊತ್ತಾ? ಬಾವಿ ಯಾವನಿಗೆ ಬೇಕಾಗಿತ್ತು. ನಂಗೆ ನೀನು ಕೂತಿದ್ ಜಾಗ ಬೇಕಾಗಿತ್ತು."

ಬಂಗಾರದಂಥ ಮನುಷ್ಯನಿಗೆ ಹೊಟ್ಟೆಕಿಚ್ಚು, ಅದೂ ನನ್ನ ಮೇಲೆ! ಪಾಪ ಅನ್ನಿಸಿತು. ಜೊತೆಗೇ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಖುಷಿಯೂ ಆಯಿತು.

"ಮತ್ತೆ ರಿಪೇರಿ ಮಾಡೋವಾಗ ನನ್ನ ಒಂದ್ ಮಾತು ಕೇಳ್ಬೋದಾಗಿತ್ತಲ್ಲಲಾ?"

"ಕೇಳಿದ್ರೆ ಅದು ನಿನ್ ವಂಡಿ ಆಗೋಯ್ತಿತ್ತು" ಎಂದ. ಆಮೇಲೆ ಮುಖ ಇನ್ನೂ ಸಣ್ಣ ಮಾಡಿಕೊಂಡು, "ಆದ್ರೂ ಏನ್ ಬಂತು. ವಂಡಿ ನಂದಾದ್ರೆ ನಾನೇ ಓಡಿಸ್ಬೇಕು. ಓಡ್ಸೋನಿಗೆ ಆ ಸೀಟಲ್ಲಿ ಕೂರಾಕೆ ಎಲ್ಲಾಯ್ತದೆ? ಒಂದ್ ದಿನಾನೂ ಕೂರ್ನಿಲ್ಲ" ಎಂದ.

ಗುಂಡಮ್ಮ ಒಳಗಿಂದಲೇ, "ಇವ್ರಿಬ್ರೂ ಮಾತಾಡ್ತಾ ಕೂತ್ರೆ ದೇವಸ್ಥಾನದ ಬಾಗ್ಲು ಆಕ್ತಾರೆ ಅಷ್ಟೇ" ಎಂದಳು.

"ಏಳ್ಲಾ ಮೇಲೆ. ಕೀ ಕೊಡು" ಎಂದೆ.

ಅವನು ಕೊಟ್ಟ. ನಾನು ಸ್ಟೇರಿಂಗ್ ಹಿಂದೆ ಕೂತೆ. ಸ್ಟಾರ್ಟ್ ಮಾಡಿ, ರಿವರ್ಸ್ ಹಾಕಿ, ಟೀ ಅಂಗಡಿಯ ಬೆಂಚಿನವರನ್ನೆಲ್ಲ ಏಳಿಸಿ ಮೆಲ್ಲಗೆ ಹಿಂದಕ್ಕೆ ಬಿಟ್ಟೆ. ಒಳಗೆ ಲಟಕ್ ಎಂದಿತು. ಲಿವರ್ ಬೆಣ್ಣೆಯ ಹಾಗೆ ಹಿಂದಕ್ಕೆ ಬಂತು. ಮುನುಸ್ವಾಮಿ, "ಅಡಡಾ!" ಎಂದು ಹಣೆ ಚಚ್ಚಿಕೊಂಡ. ಸಣ್ಣಯ್ಯ ಓಡಿ ಬಂದ. ಇಳಿಯಲೋ ಬೇಡವೋ ಎಂದು ನಾನು ಯೋಚಿಸುವಷ್ಟರಲ್ಲಿ ಅವನು ಆ ಕಡೆಯಿಂದ ಹತ್ತಿ ನನ್ನ ಪಕ್ಕದಲ್ಲಿ ಕೂತೇಬಿಟ್ಟ.

"ಓಡ್ಸಣ್ಣಾ" ಎಂದ.

ಓಡಿಸಿದೆ. ಇಷ್ಟು ವರ್ಷ ಬಯಸಿದ್ದು ಕೈಗೆ ಬಂದಿತ್ತು. ಗೇರು ಬದಲಿಸಿದರೆ ಸದ್ದಿಲ್ಲ, ಬ್ರೇಕು ಹಿಡಿದರೆ ಎಳೆಯುವುದಿಲ್ಲ, ಅಷ್ಟು ಹದವಾಗಿಟ್ಟಿದ್ದ. ಸಣ್ಣಯ್ಯ ಒಂದು ಕಾಲು ಮಡಚಿಕೊಂಡು, ಮೊಣಕೈ ಹೊರಗಿಟ್ಟು, ಗಾಳಿಗೆ ಮುಖ ಕೊಟ್ಟು ಕೂತಿದ್ದ. ದಾರಿಯಲ್ಲಿ ಗುರುತಿನವರೊಬ್ಬರು ಕುರಿ ಹೊಡೆದುಕೊಂಡು ಹೋಗುತ್ತಿದ್ದರು. "ಏನಪ್ಪಾ ಸಣ್ಣಯ್ಯ, ಡ್ರೈವರ್ ಇಟ್ಕಂಡ್ಬುಟ್ಯಾ!" ಎಂದು ಕೂಗಿದರು. ಸಣ್ಣಯ್ಯ ನಗುತ್ತಾ ಕೈ ಬೀಸಿದ.

ನನಗೆ ಮತ್ತೆ ಹೊಟ್ಟೆಕಿಚ್ಚು. ಅಪ್ಪನ ಪಕ್ಕದ ಆ ಜಾಗ ನನ್ನದು. ಅಪ್ಪ ನನಗೆ ಮಾತ್ರ ಕೊಟ್ಟದ್ದು ಅದೊಂದೇ. ಅದರಲ್ಲಿ ಇವನು ರಾಜನ ಹಾಗೆ ಕೂತಿದ್ದಾನೆ, ನಾನು ಇವನಿಗೆ ಡ್ರೈವರು! ಮಂಜವಾಡಿ ಘಾಟಿ ಇಳಿಯುವವರೆಗೂ ನಾನು ಎಡಗಡೆಗೇ ನೋಡುತ್ತಿದ್ದೆ.

"ಅಣ್ಣಾ, ರೋಡ್ ನೋಡು" ಎಂದ ಸಣ್ಣಯ್ಯ.